ಎರಡು ಬೆಂಕಿ ಕಂಡ ಬೊಂಬೆ

೨೦೨೩ನೆಯ ಇಸವಿಯ ಜನವರಿ ೧೭, ಮಂಗಳವಾರ. ಬಹ್ರೈನಿನಲ್ಲಿ ಚಳಿಗಾಲದ ನಡುಮಧ್ಯ. ನಸುಕಿನಲ್ಲಿ ಇಪ್ಪತ್ತು ನಿಮಿಷ ಮಳೆ ಬಿದ್ದು ಬಿಟ್ಟಿತ್ತು. ಹರಿದುಹೋಗಲು ದಾರಿಯಿಲ್ಲದ ನೀರು ಮುಹರ್ರಕ್‌ನ ಗಲ್ಲಿಗಳಲ್ಲಿ ಮಧ್ಯಾಹ್ನದವರೆಗೂ ನಿಂತೇ ಇತ್ತು. ಗಾಳಿ ವಾಯವ್ಯದಿಂದ. ಬೆಳಗ್ಗೆ ಎಂಟಕ್ಕೆ ಈಸಾ ಟೌನಿನ ನಮ್ಮ ಮನೆಯ ಬಾಲ್ಕನಿಯ ಉಷ್ಣಮಾಪಕ ಹದಿನಾಲ್ಕು ಡಿಗ್ರಿ ತೋರಿಸುತ್ತಿತ್ತು. ಆ ದಿನ ಒಂಬತ್ತು ಗಂಟೆ ನಲವತ್ತು ನಿಮಿಷಕ್ಕೆ, ಮುಹರ್ರಕ್‌ನ ಒಂದು ಖಾಸಗಿ ಕಲಾಸಂಗ್ರಹಾಲಯದ ಒಳಕೋಣೆಯಲ್ಲಿ, ವಾಸು ಮೂಲ್ಯ ಎಂಬ ಐವತ್ತೊಂಬತ್ತು ವರ್ಷದ ಬಡಗಿ, ಸಾವಿರದ ಇನ್ನೂರು ವರ್ಷ ಹಳೆಯದೆಂದು ಹೇಳಲಾದ ಒಂದು ಮಣ್ಣಿನ ಬೊಂಬೆಯನ್ನು ಬಲಗೈಯ ನಡುಬೆರಳಿನ ಗೆಣ್ಣಿನಿಂದ ಎರಡು ಸಲ ಬಡಿದರು.

ಅದನ್ನು ಪೆಟ್ಟಿಗೆಯಿಂದ ಎತ್ತಲು ಅವರಿಗೆ ಅಧಿಕಾರವಿತ್ತು. ಬಡಿಯಲು ಇರಲಿಲ್ಲ.

ವಾಸು ಹುಟ್ಟಿದ್ದು ೧೯೬೩ರ ಅಕ್ಟೋಬರ್ ೧೧, ಶುಕ್ರವಾರ, ಮುಲ್ಕಿಗೆ ಸಮೀಪದ ಒಂದು ಕುಂಬಾರರ ಮನೆಯಲ್ಲಿ. ಪಾಸ್‌ಪೋರ್ಟಿನಲ್ಲಿ ೧೯೬೩ರ ಜೂನ್ ೧ ಎಂದಿದೆ. ಅದು ಶಾಲೆಗೆ ಸೇರಿಸಿಕೊಂಡ ಮೇಷ್ಟ್ರು ತಮ್ಮ ಅನುಕೂಲಕ್ಕೆ ಬರೆದುಕೊಂಡ ತಾರೀಖು. ಆ ಕಾಲದಲ್ಲಿ ನಮ್ಮ ಜಿಲ್ಲೆಯ ಅರ್ಧಕ್ಕರ್ಧ ಮಕ್ಕಳು ಜೂನ್ ಒಂದರಂದು ಹುಟ್ಟಿದವರು. ಹೀಗಾಗಿ ಕಂಪನಿಯ ಲೆಕ್ಕದಲ್ಲಿ ವಾಸು ಅವರಿಗೆ ಅರವತ್ತು ತುಂಬಿ ನಿವೃತ್ತಿಯಾಗುವುದು ೨೦೨೩ರ ಮೇ ೩೧ಕ್ಕೆ. ಬೊಂಬೆಯನ್ನು ಬಡಿದ ದಿನ ಅದಕ್ಕೆ ನಾಲ್ಕೂವರೆ ತಿಂಗಳು ಉಳಿದಿತ್ತು.

ತಂದೆ ಐತಪ್ಪ ಮೂಲ್ಯರು ತಿಗರಿ ತಿರುಗಿಸಿದ ಕೊನೆಯ ತಲೆಮಾರಿನವರು. ಆವೆಯಿಂದ ತೆಗೆದ ಪ್ರತಿಯೊಂದು ಮಡಕೆಯನ್ನೂ ಎಡಗೈಯ ಐದು ಬೆರಳ ತುದಿಗಳ ಮೇಲೆ ನಿಲ್ಲಿಸಿ, ಬಲಗೈಯ ಗೆಣ್ಣಿನಿಂದ ಕಂಠಕ್ಕೊಂದು, ಹೊಟ್ಟೆಗೊಂದು ಬಡಿದು ಕೇಳುತ್ತಿದ್ದರಂತೆ. ಎರಡೂ ಕಡೆ ಗಂಟೆಯಂತೆ ಒಂದೇ ಸ್ವರ ಬಂದರೆ ಮಡಕೆ ಹೊರಗೆ ಹೋಗಬಹುದು, ಇಲ್ಲದಿದ್ದರೆ ಹಿತ್ತಿಲಿಗೆ. ಏಳನೆಯ ವಯಸ್ಸಿನಿಂದ ವಾಸು ಅವರಿಗೂ ಅದೇ ಕೆಲಸ. ಸಾವಿನ ಮನೆಯವರು ಮಡಕೆ ಕೇಳಲು ಬಂದಾಗ ಮಾತ್ರ ತಂದೆ ಆ ಕೆಲಸವನ್ನು ಮಗನಿಗೆ ಬಿಡುತ್ತಿರಲಿಲ್ಲ. ಸುಡುಗಾಡಿನಲ್ಲಿ ತೂತು ಮಾಡಿ ಒಡೆದುಹಾಕುವ ಮಡಕೆಗೆ ಇಷ್ಟು ಪರೀಕ್ಷೆ ಯಾಕೆಂದು ಮಗ ಒಮ್ಮೆ ಕೇಳಿದ್ದಕ್ಕೆ ಅವರು ಹೇಳಿದ್ದನ್ನು ವಾಸು ನನಗೆ ಎಷ್ಟೋ ಸಲ ಹೇಳಿದ್ದಾರೆ: "ಬದುಕಿದ್ದವರಿಗೆ ಒಡಕು ಕೊಟ್ಟರೆ ನಾಳೆ ಬಂದು ಬದಲಿಸಿಕೊಂಡು ಹೋಗ್ತಾರೆ. ಸತ್ತವರು ಬರ್ತಾರಾ?"

ಅಲ್ಯುಮಿನಿಯಂ ಪಾತ್ರೆಗಳು ಬಂದು ಆವೆ ಆರಿತು. ವಾಸು ಬಡಗಿಯ ಕೆಲಸ ಕಲಿತು, ೧೯೯೨ರ ಸೆಪ್ಟೆಂಬರ್ ೧೪ರ ಸೋಮವಾರ ಬಹ್ರೈನಿಗೆ ಬಂದಿಳಿದರು. ಹಿದ್‌ನಲ್ಲಿ ಗೋದಾಮು ಇರುವ ಒಂದು ಸರಕು ಸಾಗಣೆ ಕಂಪನಿಯಲ್ಲಿ ನಾನು ಆಗ ದಾಖಲೆ ವಿಭಾಗದ ಮುಖ್ಯಸ್ಥ. ಅವರ ಕಾಗದಪತ್ರಗಳಿಗೆ ಸಹಿ ಹಾಕಿದವನು ನಾನೇ. ಮೊದಲ ಹದಿನಾಲ್ಕು ವರ್ಷ ಅವರು ಪಂಪು, ಜನರೇಟರುಗಳಿಗೆ ಮರದ ಪೆಟ್ಟಿಗೆ ಮಾಡಿದರು. ೨೦೦೬ರಲ್ಲಿ ಕಂಪನಿಯು ಕಲಾವಸ್ತುಗಳ ಸಾಗಣೆಯನ್ನು ಆರಂಭಿಸಿದಾಗ ಆ ಪೆಟ್ಟಿಗೆಗಳೂ ಅವರ ಪಾಲಿಗೆ ಬಂದವು. ವಸ್ತುವಿನ ಆಕಾರಕ್ಕೆ ಸರಿಯಾಗಿ ಸ್ಪಂಜಿನ ಹಾಸನ್ನು ಕೊರೆಯುವುದರಲ್ಲಿ ಅವರಿಗೆ ಸಮಾನರಿರಲಿಲ್ಲ. ಗೋದಾಮಿನ ಹಾನಿ ಪುಸ್ತಕದಲ್ಲಿ ಒಡೆದ, ಸೀಳಿದ, ತರಚಿದ ಪ್ರತಿಯೊಂದು ವಸ್ತುವಿನ ಎದುರು ಅದನ್ನು ಮುಟ್ಟಿದವರ ಹೆಸರಿರುತ್ತದೆ. ನನ್ನ ನಿವೃತ್ತಿಯ ದಿನ, ೨೦೧೪ರ ಡಿಸೆಂಬರ್ ೩೧ರಂದು, ನಾನು ಅದನ್ನು ಮೊದಲಿನಿಂದ ಕೊನೆಯವರೆಗೆ ತಿರುವಿ ನೋಡಿದೆ. ವಾಸು ಅವರ ಹೆಸರು ಅದರಲ್ಲಿ ಒಂದು ಕಡೆಯೂ ಇರಲಿಲ್ಲ. ಆಮೇಲಿನ ಎಂಟು ವರ್ಷಗಳಲ್ಲಿಯೂ ಬರಲಿಲ್ಲವೆಂದು ಈಗಿನ ಮೇಲ್ವಿಚಾರಕ ರೋನ್ಸನ್ ನನಗೆ ಹೇಳಿದ್ದಾನೆ.

ಇನ್ನೊಂದು ವಿಷಯವನ್ನು ಇಲ್ಲಿಯೇ ದಾಖಲಿಸಬೇಕು. ಶುಕ್ರವಾರ ಬೆಳಗ್ಗೆ ನಾವು ಇಗರ್ಜಿಗೆ ಹೊರಡುವ ಹೊತ್ತಿಗೆ ವಾಸು ಬಸ್ಸು ಹತ್ತಿ ಆಲಿ ಊರಿಗೆ ಹೋಗುತ್ತಿದ್ದರು. ಅಲ್ಲಿ ಹಳೆಯ ಕಾಲದ ಸಮಾಧಿ ದಿಬ್ಬಗಳ ಮಗ್ಗುಲಲ್ಲೇ ಕುಂಬಾರರ ಆವೆಗಳಿವೆ. ಶಹರ್ಬಾನು ಎಂಬ ವೃದ್ಧೆ, ಗಂಡ ತೀರಿಹೋದ ಮೇಲೆ, ಇಬ್ಬರು ಕೆಲಸಗಾರರನ್ನಿಟ್ಟುಕೊಂಡು ಆವೆ ಮತ್ತು ಅಂಗಡಿಯನ್ನು ನಡೆಸುತ್ತಾರೆ. ವಾಸು ಅಲ್ಲಿ ಕುಳಿತು ಚಹಾ ಕುಡಿದು, ಹೊಸದಾಗಿ ತೆಗೆದ ಹೂಜಿಗಳನ್ನು ಬಡಿದು ಬೇರ್ಪಡಿಸಿಕೊಟ್ಟು ಬರುತ್ತಿದ್ದರು. ಅದಕ್ಕೆ ಸಂಬಳವಿಲ್ಲ. "ಕೈಗೆ ಮರೆತು ಹೋಗಬಾರದಲ್ಲ," ಎನ್ನುತ್ತಿದ್ದರು.

ಈಗ ಬೊಂಬೆಯ ವಿಚಾರ. ಮೆಕ್ಸಿಕೋ ದೇಶದ ಯುಕಾಟಾನ್ ಪರ್ಯಾಯ ದ್ವೀಪದ ಪಶ್ಚಿಮ ಕರಾವಳಿಗೆ ಅಂಟಿಕೊಂಡಂತೆ ಒಂದು ಸಣ್ಣ ದ್ವೀಪವಿದೆ. ಪ್ರಾಚೀನ ಮಾಯಾ ಜನರು ತಮ್ಮವರನ್ನು ಅಲ್ಲಿ ಹೂಳುತ್ತಿದ್ದರು. ಹೂಳುವಾಗ ಒಂದು ಗೇಣಿಗೂ ಚಿಕ್ಕದಾದ ಮಣ್ಣಿನ ಬೊಂಬೆಗಳನ್ನು ಸತ್ತವರ ಜೊತೆಗೆ, ಕೆಲವೊಮ್ಮೆ ಕೈಯಲ್ಲಿ ಅಥವಾ ಎದೆಯ ಮೇಲೆ, ಇಡುತ್ತಿದ್ದರು. ನೇಯುವ ಹೆಂಗಸು, ಚೆಂಡಾಟದ ಗಂಡಸು, ದೊಡ್ಡ ಟೊಪ್ಪಿಯ ಕುಳ್ಳ. ಒಳಗೆ ಟೊಳ್ಳು. ಕೆಲವಕ್ಕೆ ಬೆನ್ನಿನಲ್ಲಿ ಪೀಪಿಯ ತೂತು; ಕೆಲವು ಗಿಲಕಿಯಂತೆ ಒಳಗೆ ಮಣ್ಣಿನ ಗುಂಡುಗಳನ್ನಿಟ್ಟುಕೊಂಡಿವೆ. ಕಾಲ ಕ್ರಿ.ಶ. ೬೦೦ರಿಂದ ೯೦೦. ಮುನ್ನೂರು ವರ್ಷದ ಅಂತರವನ್ನು ಕಾಲವೆಂದು ಬರೆಯುವುದು ನನಗೆ ಸರಿಕಾಣುವುದಿಲ್ಲ. ಆದರೆ ಇದಕ್ಕಿಂತ ನಿಖರವಾಗಿ ಹೇಳಲು ಯಾರಿಂದಲೂ ಸಾಧ್ಯವಿಲ್ಲವಂತೆ.

ಬೆಲ್ಜಿಯಂನ ಒಂದು ಕುಟುಂಬದ ಸಂಗ್ರಹದಿಂದ ಇಂಥ ಹನ್ನೊಂದು ಬೊಂಬೆಗಳು ಪ್ರದರ್ಶನಕ್ಕೆಂದು ಬಂದಿದ್ದವು. ಜನವರಿ ೧೫ರ ಭಾನುವಾರ ವಿಮಾನದಿಂದ ಇಳಿದ ಪೆಟ್ಟಿಗೆಗಳನ್ನು ಇಲ್ಲಿಯ ಹವೆಗೆ ಹೊಂದಿಕೊಳ್ಳಲೆಂದು ಒಂದು ದಿನ ಮುಚ್ಚಿಯೇ ಇಟ್ಟು, ೧೭ಕ್ಕೆ ತೆರೆದರು. ಕೋಣೆಯಲ್ಲಿದ್ದವರು ನಾಲ್ವರು: ವಾಸು, ಮೇಲ್ವಿಚಾರಕ ರೋನ್ಸನ್, ಸಂಗ್ರಹಾಲಯದ ವಸ್ತುಗಳ ಹೊಣೆ ಹೊತ್ತ ನಸೀಹಾ (ಉಳ್ಳಾಲದ ಕಡೆಯ ಬ್ಯಾರಿ ಕುಟುಂಬದವಳು, ಹುಟ್ಟಿ ಬೆಳೆದದ್ದು ಇಲ್ಲಿಯೇ), ಮತ್ತು ಬೊಂಬೆಗಳ ಜೊತೆಗೆ ಮಾಲೀಕರ ಪರವಾಗಿ ಬಂದಿದ್ದ ಬೆಲ್ಜಿಯಂನ ಅಧಿಕಾರಿಣಿ.

ಆರು ಬೊಂಬೆಗಳು ಸುಸೂತ್ರವಾಗಿ ಮೇಜಿಗೆ ಬಂದವು. ಏಳನೆಯದು ಅಗಲ ಲಂಗದ, ಒಂದು ಕೈ ಎತ್ತಿ ನಿಂತ ಹೆಂಗಸು. ಎತ್ತರ ಹತ್ತೊಂಬತ್ತು ಸೆಂಟಿಮೀಟರ್. ವಾಸು ಅದನ್ನು ಹಾಸಿನಿಂದ ಎತ್ತುತ್ತಿದ್ದಾಗ, ಇದೆಲ್ಲ ಎಂಥದ್ದೆಂದು ರೋನ್ಸನ್ ಕೇಳಿದ. "ಸತ್ತವರಿಗೆ ಕೊಟ್ಟು ಕಳಿಸಿದ್ದು," ಎಂದಳು ನಸೀಹಾ. ಅಷ್ಟೇ ಹೊತ್ತು. ಬೊಂಬೆ ವಾಸು ಅವರ ಎಡಗೈಯ ಐದು ಬೆರಳ ತುದಿಗಳ ಮೇಲೆ ನಿಂತಿತು. ಬಲಗೈಯ ಗೆಣ್ಣು ಹೆಂಗಸಿನ ಭುಜಕ್ಕೊಮ್ಮೆ, ಲಂಗಕ್ಕೊಮ್ಮೆ ಬಡಿಯಿತು. ಭುಜ ಸಣ್ಣ ಗಂಟೆಯಂತೆ ನುಡಿಯಿತು. ಲಂಗ ಹಲಗೆಯಂತೆ ಸದ್ದು ಮಾಡಿತು.

"ದೇವರೇ! ವಾಸಣ್ಣ, ಎಂತ ಮಾಡ್ತೀರಿ? ತೆಂಗಿನಕಾಯಿ ಆರಿಸ್ಲಿಕ್ಕೆ ಬಂದದ್ದಾ ನೀವು?" ಎಂದು ರೋನ್ಸನ್ ಕೂಗಿದ.

ವಾಸು ಬೊಂಬೆಯನ್ನು ಮೆಲ್ಲನೆ ಮೇಜಿನ ಮೇಲಿಟ್ಟು, ಕೈಗವಸು ತೆಗೆದು, ತಮ್ಮ ಬೆರಳನ್ನೇ ಒಂದು ಕ್ಷಣ ನೋಡಿಕೊಂಡರಂತೆ. ಆಮೇಲೆ ಹೇಳಿದರು: "ತಪ್ಪಾಯ್ತು. ಆದರೆ ಇದಕ್ಕೆ ಎರಡು ಬೆಂಕಿ ಉಂಟು."

ಬೆಲ್ಜಿಯಂನ ಅಧಿಕಾರಿಣಿ ಬೊಂಬೆಯ ಸುತ್ತ ದೀಪ ಹಿಡಿದು ನೋಡಿದರು. ಸೊಂಟದ ಹಿಂಬದಿಯಲ್ಲಿ, ಕೂದಲೆಳೆಯಷ್ಟು ತೆಳ್ಳಗೆ, ಎರಡು ಸೆಂಟಿಮೀಟರ್ ಉದ್ದದ ಒಂದು ಗೆರೆ. ಅವರ ಬಳಿಯಿದ್ದ ಸ್ಥಿತಿ ವರದಿಯಲ್ಲಿ ಆ ಗೆರೆಯ ಉಲ್ಲೇಖವಿರಲಿಲ್ಲ. ಅವರು ಬರೆದ ಹೊಸ ಸಾಲು ಹೀಗಿತ್ತು: "ಸೊಂಟದಲ್ಲಿ ಹೊಸ ಬಿರುಕು, ವಸ್ತುವನ್ನು ಎತ್ತಿದ ವಾಸು ಮೂಲ್ಯ ಬೆರಳಿನಿಂದ ಬಡಿದದ್ದೇ ಕಾರಣ." ಕೆಳಗೆ ವಾಸು ಅವರ ಸಹಿಗೆ ಜಾಗ. ವಾರದ ರಜೆಗೆ ಮೊದಲು, ಗುರುವಾರ ಸಂಜೆ ನಾಲ್ಕರೊಳಗೆ ಸಹಿಯಾಗಬೇಕು.

ವಾಸು ನಮ್ಮ ಮನೆಗೆ ಬಂದದ್ದು ಮರುದಿನ, ಜನವರಿ ೧೮ರ ಬುಧವಾರ, ಸಂಜೆ ಆರೂಕಾಲಕ್ಕೆ. ಮಾತು ತುಳುವಿನಲ್ಲಿ ನಡೆಯಿತು. ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ.

"ಪೊರ್ಬುಲೆ, ಒಂದು ಇಂಗ್ಲಿಷ್ ಕಾಗದ ಬರೆದು ಕೊಡಬೇಕಿತ್ತು," ಎಂದರು. ತುಳುವಿನಲ್ಲಿ ಕ್ರೈಸ್ತ ಹಿರಿಯರನ್ನು ಗೌರವದಿಂದ ಕರೆಯುವ ಮಾತು ಅದು; ಮೂವತ್ತು ವರ್ಷದಿಂದ ಅವರು ನನ್ನನ್ನು ಕರೆಯುವುದು ಹಾಗೆಯೇ.

ನಾನು ಎಲ್ಲವನ್ನೂ ಮೊದಲಿನಿಂದ ಹೇಳಿಸಿದೆ. ಬಡಿದದ್ದು ಸರಿಯಾಗಿ ಎಷ್ಟು ಗಂಟೆಗೆ ಎಂದು ಕೇಳಿದೆ.

"ಗಂಟೆ ನೋಡಿ ಬಡಿದದ್ದಲ್ಲ ಪೊರ್ಬುಲೆ, ನಾನು."

"ಒಂಬತ್ತು ನಲವತ್ತು ಅಂತ ವರದಿಯಲ್ಲಿ ಉಂಟಲ್ಲ."

"ಹಾಗಾದರೆ ಅಷ್ಟಕ್ಕೇ."

ನನ್ನ ಹೆಂಡತಿ ಕ್ಲಾರಾ ಚಹಾ ತಂದಿಟ್ಟು, "ವಾಸು, ನಿಮ್ಮ ಕೈಗೆ ಎಂತ ಹೊಡೆದದ್ದು? ನಮ್ಮ ಮನೆಯ ಒಂದು ಕಪ್ಪನ್ನೂ ನೀವು ಒಡೆದವರಲ್ಲ," ಎಂದಳು.

"ಕೈ ನನ್ನದಲ್ಲ ಬಾಯಮ್ಮ. ಅದು ಅಪ್ಪನ ಕೈ. 'ಸತ್ತವರಿಗೆ' ಅಂತ ಆ ಹುಡುಗಿ ಹೇಳಿದ್ದೇ ಹೇಳಿದ್ದು, ಅದು ಎದ್ದು ಹೋಯ್ತು."

ರೋನ್ಸನ್ ಏನು ಹೇಳುತ್ತಾನೆಂದು ಕೇಳಿದೆ. ಸಹಿ ಹಾಕಿ ಮುಗಿಸಿ ಎನ್ನುತ್ತಾನಂತೆ. "ಇನ್ಶೂರೆನ್ಸ್‌ನವರು ನೋಡ್ಕೊಳ್ತಾರೆ ವಾಸಣ್ಣ, ನಿಮ್ಮ ಸೆಟ್ಲ್‌ಮೆಂಟಿಗೆ ಯಾರೂ ಕೈ ಹಾಕೋದಿಲ್ಲ, ಮುದೀರ್ ಹತ್ತಿರ ನಾನು ಮಾತಾಡಿದ್ದೇನೆ, ಖಲಾಸ್," ಎಂದಿದ್ದನಂತೆ. ಮುದೀರ್ ಎಂದರೆ ಇಲ್ಲಿಯ ಮಾತಿನಲ್ಲಿ ಮ್ಯಾನೇಜರು. ಹುಡುಗ ಒಳ್ಳೆಯವನು, ತನಗೆ ತೋಚಿದ ಸಹಾಯ ಮಾಡಿದ್ದ. ನಿಜ ಹೇಳುವುದಾದರೆ ನನಗೂ ಮೊದಲು ತೋಚಿದ್ದು ಅದೇ. ನಾಲ್ಕೂವರೆ ತಿಂಗಳಲ್ಲಿ ಊರಿಗೆ ಹೋಗುವವರಿಗೆ ಬೆಲ್ಜಿಯಂನ ಕಡತವೊಂದರಲ್ಲಿ ಏನು ಬರೆದಿದ್ದರೇನು ಎಂದು ನಾನು ಬಾಯಿಬಿಟ್ಟು ಹೇಳಿಯೂಬಿಟ್ಟೆ.

ವಾಸು ಚಹಾದ ಕಪ್ಪನ್ನು ಕೆಳಗಿಟ್ಟರು. "ಮೂವತ್ತು ವರ್ಷ ಒಂದು ಒಡಕೂ ನನ್ನ ಹೆಸರಿನಲ್ಲಿ ಇಲ್ಲ. ಹೋಗುವಾಗ, ಸತ್ತವರಿಗೆ ಕೊಟ್ಟದ್ದನ್ನು ಒಡೆದವ ಅಂತ ಬರೆಸಿಕೊಂಡು ಹೋಗ್ಲಿಕ್ಕಾ? ಬಡಿದದ್ದು ನಾನು. ಅದಕ್ಕೆ ಈಗಲೇ ಸಹಿ ಹಾಕ್ತೇನೆ. ಒಡೆದದ್ದು ನಾನಲ್ಲ. ಅದಕ್ಕೆ ಹಾಕೋದಿಲ್ಲ."

"ಒಡೆದದ್ದು ನೀವಲ್ಲ ಅಂತ ಹೇಗೆ ಹೇಳ್ತೀರಿ?"

"ಸದ್ದಿನಿಂದ. ಇಡೀ ಉಂಟು ಅಂತಾದರೆ ಬಡಿದಾಗ ಮೇಲೆಯೂ ಕೆಳಗೆಯೂ ಒಂದೇ ಸ್ವರ ಬರಬೇಕು. ಬರೇ ಬಿರುಕು ಅಂತಾದರೆ ಎರಡೂ ಕಡೆ ಒಂದೇ ಹಾಗೆ ಜರಜರ ಅನ್ನಬೇಕು. ಇದು ಮೇಲೆ ಗಂಟೆ, ಕೆಳಗೆ ಹಲಗೆ. ಮೇಲಿನದು ಚೆನ್ನಾಗಿ ಬೆಂದದ್ದು, ಕೆಳಗಿನದು ಅರೆ ಬೆಂದದ್ದು. ಒಂದೇ ಆವೆಯಲ್ಲಿ ಒಂದೇ ಬೊಂಬೆ ಹಾಗೆ ಬೇಯೋದಿಲ್ಲ. ಯಾರೋ ಎರಡನ್ನು ತಂದು ಒಂದು ಮಾಡಿದ್ದಾರೆ ಪೊರ್ಬುಲೆ. ಆ ಗೆರೆ ಅಂಟಿಸಿದ ಗೆರೆ."

ನಾನು ಜೀವಮಾನವಿಡೀ ಬಿಲ್ಲು, ರಸೀದಿ, ಪ್ರಮಾಣಪತ್ರಗಳನ್ನು ಓದಿದವನು. ಒಂದೇ ವಾಕ್ಯದೊಳಗೆ ಎರಡು ಸಂಗತಿಗಳನ್ನು ಸೇರಿಸಿದ ದಾಖಲೆಗೆ ಸಹಿ ಹಾಕಬಾರದೆಂಬುದನ್ನು ನನ್ನ ಕೈಕೆಳಗಿನವರಿಗೆ ನಾನೇ ಕಲಿಸಿದ್ದೆ. ಆ ವಾಕ್ಯವನ್ನು ಮತ್ತೆ ಓದಿದಾಗ ನನಗೆ ನಾಚಿಕೆಯಾಯಿತು. ಕಾಗದ ತೆಗೆದು ಬರೆದೆ: ವಾಸು ಮೂಲ್ಯ ಆದ ನಾನು ಈ ವಸ್ತುವನ್ನು ಅನುಮತಿಯಿಲ್ಲದೆ ಎರಡು ಸಲ ಬಡಿದದ್ದು ನಿಜ, ಬಿರುಕು ಅದಕ್ಕೂ ಹಿಂದಿನದೆಂದು ನನ್ನ ಹೇಳಿಕೆ, ಇವೆರಡನ್ನೂ ಬೇರೆ ಬೇರೆ ಸಾಲುಗಳಲ್ಲಿ ಬರೆಯಬೇಕೆಂದು ಕೋರಿಕೆ.

"ಅವರು ನಂಬಬೇಕಲ್ಲ," ಎಂದೆ.

"ನಂಬುವುದು ಬೇಡ. ಕೇಳಿ ನೋಡಲಿ. ನಾಳೆ ಬೆಳಗ್ಗೆ ಆಲಿಗೆ ಹೋಗಿ ಬರ್ತೇನೆ."

ಜನವರಿ ೧೯, ಗುರುವಾರ. ಬೆಳಗ್ಗೆ ಏಳೂವರೆಗೆ ವಾಸು ಶಹರ್ಬಾನು ಅವರ ಅಂಗಡಿಯ ಬಾಗಿಲಲ್ಲಿ ನಿಂತು ಒಡಕು ಹೂಜಿಗಳು ಬೇಕೆಂದು ಕೇಳಿದರು. ಅರ್ಧ ಅರಬ್ಬಿ, ಅರ್ಧ ಹಿಂದಿಯಲ್ಲಿ ಮುದುಕಿ ಕೊಟ್ಟ ಉತ್ತರವನ್ನು ವಾಸು ನನಗೆ ನಗುತ್ತಾ ಹೇಳಿದರು: "ನಿನ್ನಂಥ ಗಿರಾಕಿ ಇನ್ನಿಬ್ಬರು ಸಿಕ್ಕಿದರೆ ನಾನು ಮಾಳಿಗೆ ಮನೆ ಕಟ್ಟಿಸುತ್ತಿದ್ದೆ!" ವಿಷಯ ತಿಳಿದ ಮೇಲೆ ಆಕೆ ಎರಡು ಗಟ್ಟಿ ಹೂಜಿ, ಎರಡು ಬಿರುಕಿನ ಹೂಜಿಗಳನ್ನು ಆರಿಸಿಕೊಟ್ಟು, ಒಳಗೆ ಹೋಗಿ ತನ್ನ ಮನೆಯ ನೀರಿನ ಹೂಜಿಯನ್ನೂ ತಂದರು. ಹಿಂದೆ ಅದರ ಕತ್ತು ಮುರಿದಾಗ ಗಂಡ ಇನ್ನೊಂದು ಹೂಜಿಯ ಕತ್ತನ್ನು ಅಂಟಿಸಿ, ಸಂದು ಕಾಣದಂತೆ ಬಣ್ಣ ಬಳಿದುಕೊಟ್ಟದ್ದು. "ಇದು ಮಾರುವುದಲ್ಲ. ನಾಳೆ ವಾಪಸು ಬರಬೇಕು," ಎಂದರಂತೆ.

ಹನ್ನೊಂದು ಗಂಟೆಗೆ ನಾನೂ ಸಂಗ್ರಹಾಲಯಕ್ಕೆ ಹೋದೆ. ಬೆಲ್ಜಿಯಂನವರು ನನ್ನ ಕಾಗದವನ್ನು ಎರಡು ಸಲ ಓದಿದರು. ಅವರು ಕೆಟ್ಟವರಲ್ಲ, ತಮ್ಮ ಕೆಲಸದಲ್ಲಿ ಕಟ್ಟುನಿಟ್ಟಿನವರು, ಅದನ್ನು ನಾನು ಗೌರವಿಸುತ್ತೇನೆ. ಮಾಲೀಕರ ಲಿಖಿತ ಅನುಮತಿಯಿಲ್ಲದೆ ಕಣ್ಣಿನಿಂದ ನೋಡುವುದನ್ನು ಬಿಟ್ಟು ಬೇರಾವ ಪರೀಕ್ಷೆಯನ್ನೂ ಮಾಡುವಂತಿಲ್ಲವೆಂದು ಒಪ್ಪಂದದಲ್ಲಿದೆ ಎಂದರು. ಬಡಗಿಯೊಬ್ಬ ಸದ್ದು ಕೇಳಿದನೆಂಬ ಕಾರಣಕ್ಕೆ ಅನುಮತಿ ಕೇಳಿ ಬರೆಯಲು ತಮಗೆ ಮುಖವಿಲ್ಲ ಎಂದೂ ಹೇಳಿದರು.

"ಮೇಡಂ, ಅಂಕಲ್ ಒಂದು ಡೆಮೊ ಕೊಡ್ತಾರಂತೆ. ಐದು ನಿಮಿಷ," ಎಂದಳು ನಸೀಹಾ.

ವಾಸು ಗೋಡೆಗೆ ಮುಖಮಾಡಿ ಕುರ್ಚಿಯಲ್ಲಿ ಕುಳಿತರು. ಐದು ಹೂಜಿಗಳನ್ನು ಬೆಲ್ಜಿಯಂನವರು ತಮಗೆ ಬೇಕಾದ ಕ್ರಮದಲ್ಲಿ ಸಾಲಾಗಿ ಇಟ್ಟರು. ತಮ್ಮ ಪೆನ್ಸಿಲಿನ ಹಿಂಬದಿಯಿಂದ ಮೊದಲನೆಯದಕ್ಕೆ ಮೇಲೊಂದು, ಕೆಳಗೊಂದು ಬಡಿದರು.

"ಒಳ್ಳೆಯದು," ಎಂದರು ವಾಸು.

ಎರಡನೆಯದು. "ಒಡಕು. ಹೊಟ್ಟೆಯಲ್ಲಿ."

ಮೂರನೆಯದಕ್ಕೆ ವಾಸು ತಡಮಾಡಲಿಲ್ಲ. "ಇದೂ ಒಡಕು. ಇದು ಬುಡದಲ್ಲಿ." ನಸೀಹಾ ಹೂಜಿಯನ್ನು ಬೋರಲು ಹಾಕಿ ನೋಡಿದಳು, ಬುಡದಲ್ಲಿ ಉಗುರಿನುದ್ದದ ಸೀಳು.

ಮುಂದಿನ ಸದ್ದಿಗೆ ವಾಸು ತಲೆಯನ್ನು ಸ್ವಲ್ಪ ಓರೆಮಾಡಿದರು. ಆಮೇಲೆ ಅವರ ಬೆನ್ನು ಅಲುಗಿತು. ನಗುತ್ತಿದ್ದರೆಂದು ನನಗೆ ಗೊತ್ತಾಯಿತು. "ರೋನ್ಸನ್, ಮೇಡಂಗೆ ಹೇಳು ಮಾರಾಯ. ಇದು ಹೂಜಿಯಲ್ಲ, ಅವರ ಕಾಫಿ ಕಪ್ಪು. ಕೆಳಗೆ ಇನ್ನೂ ಕಾಫಿ ಉಂಟು. ಕುಡಿಯಲಿ, ತಣಿಯುತ್ತದೆ."

ಅದು ನಿಜವಾಗಿಯೂ ಅವರ ಕಾಫಿ ಕಪ್ಪೇ ಆಗಿತ್ತು. ರೋನ್ಸನ್ ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳುವ ಹೊತ್ತಿಗೆ ಬೆಲ್ಜಿಯಂನವರ ಮುಖ ಕೆಂಪಾಗಿತ್ತು. ಆದರೆ ಅವರು ಕಪ್ಪನ್ನು ಎತ್ತಿ ಒಂದು ಗುಟುಕು ಕುಡಿದರು. ಉಳಿದ ಗಟ್ಟಿ ಹೂಜಿಯನ್ನೂ ವಾಸು ಸರಿಯಾಗಿ ಹೇಳಿದ ಮೇಲೆ ಕೊನೆಯದಾಗಿ ಶಹರ್ಬಾನು ಅವರ ಹೂಜಿಯ ಸರದಿ ಬಂತು. ಕತ್ತಿಗೆ ಬಡಿದಾಗ ಗಂಟೆ. ಹೊಟ್ಟೆಗೆ ಬಡಿದಾಗ ಹಲಗೆ.

ವಾಸು ತಿರುಗಿ ನೋಡದೆಯೇ, "ಎರಡು ಬೆಂಕಿ," ಎಂದರು. "ಮೊನ್ನೆ ಕೇಳಿದ್ದು ಇದೇ ಸದ್ದು, ಮೇಡಂ. ನೀವೂ ಕೇಳಿದ್ದೀರಿ. ನೀವು ಅಲ್ಲಿಯೇ ಇದ್ದಿರಿ."

ಬೆಲ್ಜಿಯಂನವರು ಆ ಹೂಜಿಯನ್ನು ಕೈಗೆ ತೆಗೆದುಕೊಂಡು, ಸಂದನ್ನು ಹುಡುಕಿ, ಕಾಣದೆ, ಮತ್ತೆ ತಾವೇ ಎರಡು ಸಲ ಬಡಿದರು. ಹನ್ನೆರಡು ಗಂಟೆ ಇಪ್ಪತ್ತೈದು ನಿಮಿಷಕ್ಕೆ ಅವರು ಮಾಲೀಕರಿಗೆ ಪತ್ರ ಕಳಿಸಿದರು. ಸಹಿಯ ಗಡುವನ್ನು ಉತ್ತರ ಬರುವವರೆಗೆ ಮುಂದೂಡಿದರು.

ಅನುಮತಿ ಬಂದದ್ದು ಶನಿವಾರ. ಜನವರಿ ೨೨ರ ಭಾನುವಾರ, ಬೆಳಗ್ಗೆ ಹತ್ತೂಕಾಲಕ್ಕೆ, ನಮ್ಮೆಲ್ಲರೆದುರು ಕೋಣೆಯ ದೀಪಗಳನ್ನು ಆರಿಸಿ ನಸೀಹಾ ನೇರಳಾತೀತ ಬೆಳಕಿನ ಟಾರ್ಚನ್ನು ಬೊಂಬೆಯ ಮೇಲೆ ಹಾಯಿಸಿದಳು. ಮಣ್ಣು ಕಪ್ಪಾಗಿಯೇ ಉಳಿಯಿತು. ಸೊಂಟದ ಸುತ್ತ ಮಾತ್ರ, ಬೆರಳಿನಗಲದ ಒಂದು ಪಟ್ಟಿ, ನೀಲಿ ಬಿಳುಪಾಗಿ ಹೊಳೆಯಿತು. ಅದು ಅಂಟು. ಅದರ ಮೇಲೆ ಮಣ್ಣಿನ ಪುಡಿಯನ್ನೂ ಬಣ್ಣವನ್ನೂ ಸವರಿ ಮುಚ್ಚಲಾಗಿತ್ತು. ಭೂತಗನ್ನಡಿಯಲ್ಲಿ ನೋಡಿದಾಗ ಬಿರುಕಿನ ಗೆರೆಯ ಒಳಗೂ ಹಳೆಯ ವಾರ್ನಿಶು ಇಳಿದು ಹಳದಿಗಟ್ಟಿತ್ತು. ಐದು ದಿನದ ಹಿಂದಿನ ಬಿರುಕಿನಲ್ಲಿ ಅದು ಇರಲು ಸಾಧ್ಯವಿಲ್ಲ. ಮಾಲೀಕರ ತಂದೆ ಅದನ್ನು ೧೯೬೬ರಲ್ಲಿ ಒಬ್ಬ ವ್ಯಾಪಾರಿಯಿಂದ ಕೊಂಡಿದ್ದರಂತೆ. ಒಂದು ಗೋರಿಯಿಂದ ಮೇಲಿನರ್ಧ, ಇನ್ನೊಂದರಿಂದ ಕೆಳಗಿನರ್ಧ ಸಿಕ್ಕಿದ ಯಾರೋ ಎರಡನ್ನೂ ಸೇರಿಸಿ ಪೂರ್ತಿ ಬೊಂಬೆಯೆಂದು ಮಾರಿರಬೇಕು. ಅದು ೧೯೬೬ಕ್ಕೆ ಎಷ್ಟು ಮೊದಲು ನಡೆಯಿತೆಂದು ತಿಳಿಯಲು ಯಾವ ದಾಖಲೆಯೂ ಇಲ್ಲ.

ನಸೀಹಾ ದೀಪ ಹಾಕಿದಳು. ಬೆಲ್ಜಿಯಂನವರು ಎದ್ದು ಬಂದು ವಾಸು ಅವರ ಕೈ ಕುಲುಕಿದರು. ವರದಿಯ ಆ ಸಾಲನ್ನು ಪೂರ್ತಿಯಾಗಿ ಹೊಡೆದುಹಾಕುತ್ತೇನೆ, ಬಡಿದ ವಿಷಯವನ್ನೂ ಬರೆಯುವುದಿಲ್ಲ, ಅದರ ಅಗತ್ಯವಿಲ್ಲ ಎಂದರು.

ರೋನ್ಸನ್ ಅದನ್ನು ತುಳುವಿನಲ್ಲಿ ಹೇಳಿ, "ಆಯ್ತಲ್ಲ ವಾಸಣ್ಣ, ಪೂರಾ ಕ್ಲೀನ್!" ಎಂದು ಭುಜ ತಟ್ಟಿದ.

"ಬೇಡ," ಎಂದರು ವಾಸು.

"ಎಂತ ಬೇಡ?"

"ಬಡಿದದ್ದು ಬಡಿದದ್ದೇ. ಅದು ಇರಲಿ."

"ವಾಸಣ್ಣ, ಅದು ಇದ್ದರೆ ರೂಲ್ ಪ್ರಕಾರ ಮೇ ತನಕ ನಿಮಗೆ ವಸ್ತು ಮುಟ್ಟಲಿಕ್ಕೆ ಕೊಡುವ ಹಾಗಿಲ್ಲ. ಗೋದಾಮಿನಲ್ಲಿ ಬರೇ ಹಲಗೆ ಕೊಯ್ಯಬೇಕು. ತಲೆ ಸರಿ ಉಂಟಾ ನಿಮಗೆ?"

"ಪೊರ್ಬುಗಳು ಎರಡು ಸಾಲು ಬರೆದುಕೊಟ್ಟಿದ್ದಾರೆ. ಒಂದು ಸಾಲು ಹೌದು, ಒಂದು ಸಾಲು ಅಲ್ಲ. ಹೌದು ಅನ್ನುವುದನ್ನೂ ಒರೆಸಿದರೆ, ನಾಳೆ ಅಲ್ಲ ಅನ್ನುವುದನ್ನು ಯಾರು ನಂಬ್ತಾರೆ?"

ಬೆಲ್ಜಿಯಂನವರು ಅನುವಾದಕ್ಕಾಗಿ ನನ್ನತ್ತ ನೋಡಿದರು. ನಾನು ಅದನ್ನು ಸಾಧ್ಯವಾದಷ್ಟು ಸರಿಯಾಗಿ ಹೇಳಿದೆ. ಅವರು ಹಳೆಯ ಸಾಲನ್ನು ಹೊಡೆದುಹಾಕಿ, ಎರಡು ಸಾಲುಗಳನ್ನು ಬರೆದರು. ಮೊದಲನೆಯದು: "ಜನವರಿ ೧೭ರಂದು ವಾಸು ಮೂಲ್ಯ ಈ ವಸ್ತುವನ್ನು ಅನುಮತಿಯಿಲ್ಲದೆ ಬೆರಳಿನಿಂದ ಎರಡು ಸಲ ಬಡಿದರು." ಎರಡನೆಯದು: "ಸೊಂಟದ ಬಿರುಕು ಹಳೆಯ ಜೋಡಣೆಗೆ ಸೇರಿದ್ದು, ವಸ್ತು ಎರಡು ಬೇರೆ ಬೊಂಬೆಗಳ ಭಾಗ, ಇದನ್ನು ಮೊದಲು ಗುರುತಿಸಿದವರು ವಾಸು ಮೂಲ್ಯ." ಹನ್ನೊಂದು ಗಂಟೆ ಐದು ನಿಮಿಷಕ್ಕೆ ವಾಸು ಎರಡರ ಕೆಳಗೂ ಕನ್ನಡದಲ್ಲಿ ಸಹಿ ಹಾಕಿದರು.

ಹೊರಡುವ ಮೊದಲು ಅವರು ಮೇಜಿನ ಪಕ್ಕ ನಿಂತು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬೊಂಬೆಯನ್ನು ನೋಡಿದರು. "ಈ ಲಂಗದ ಮೇಲೆ ಇದ್ದ ಹೆಂಗಸು ಎಲ್ಲಿ ಹೋದಳು?" ಎಂದು ನಸೀಹಾಳನ್ನು ಕೇಳಿದರು.

"ಗೊತ್ತಿಲ್ಲ ಅಂಕಲ್. ಯಾರಿಗೂ ಗೊತ್ತಿಲ್ಲ."

"ಇಬ್ಬರಿಗೆ ಕೊಟ್ಟದ್ದು," ಎಂದರು ವಾಸು. "ಇಬ್ಬರ ಹತ್ತಿರವೂ ಈಗ ಪೂರ್ತಿ ಇಲ್ಲ."

ಆಮೇಲೆ ನಡೆದದ್ದು ಇಷ್ಟು. ಶಹರ್ಬಾನು ಅವರ ಹೂಜಿ ಜನವರಿ ೨೦ರ ಶುಕ್ರವಾರವೇ ಹಿಂದಕ್ಕೆ ಹೋಗಿತ್ತು. ನಿಯಮದಂತೆ ವಾಸು ಅವರನ್ನು ಕಲಾವಸ್ತುಗಳನ್ನು ಎತ್ತುವ ಕೆಲಸದಿಂದ ನಿವೃತ್ತಿಯವರೆಗೆ ದೂರವಿಡಲಾಯಿತು; ಅವರು ಹಿದ್‌ನ ಗೋದಾಮಿನಲ್ಲಿ ಪೆಟ್ಟಿಗೆಗಳನ್ನು ಮಾಡಿದರು. ಪ್ರದರ್ಶನವು ಫೆಬ್ರವರಿ ೫, ಭಾನುವಾರ ಆರಂಭವಾಗಿ ಏಪ್ರಿಲ್ ೩೦, ಭಾನುವಾರ ಮುಗಿಯಿತು. ಏಳನೆಯ ಬೊಂಬೆಯ ಕೆಳಗಿನ ಫಲಕದಲ್ಲಿ "ಎರಡು ಬೊಂಬೆಗಳ ಭಾಗಗಳು" ಎಂದಿತ್ತು. ಮೇ ೯ರಂದು, ಮಾಲೀಕರ ಕೋರಿಕೆಯಂತೆ, ತಜ್ಞರೊಬ್ಬರು ಅಂಟನ್ನು ಕರಗಿಸಿ ಭಾಗಗಳನ್ನು ಬಿಡಿಸಿದರು. ಲಂಗದ ಒಳಗೆ, ಒಳಕ್ಕಿಳಿದ ಅಂಟಿನಲ್ಲಿ ಕಚ್ಚಿಕೊಂಡು ಸದ್ದಿಲ್ಲದಿದ್ದ, ಗಿಲಕಿಯ ಮೂರು ಮಣ್ಣಿನ ಗುಂಡುಗಳು ಸಿಕ್ಕಿದವು. ಮರಳಿ ಕಳಿಸುವ ಪೆಟ್ಟಿಗೆಯನ್ನು ವಾಸು ಮಾಡಿದರು: ಏಳನೆಯ ಸಂಖ್ಯೆಗೆ ಅವರು ಒಂದಕ್ಕೊಂದು ತಾಗದಂತೆ ಎರಡು ಗೂಡುಗಳನ್ನೂ, ಗುಂಡುಗಳಿಗೆ ಮೂರು ಕುಳಿಗಳನ್ನೂ ಕೊರೆದಿದ್ದರು. ಪೆಟ್ಟಿಗೆ ಮೇ ೧೮ರ ಗುರುವಾರ ವಿಮಾನವೇರಿತು. ಹಾನಿಯಿಲ್ಲದೆ ತಲುಪಿದ ಬಗ್ಗೆ ಮೇ ೨೩ರಂದು ಪತ್ರ ಬಂತು. ಮೇ ೩೧ರ ಬುಧವಾರ ವಾಸು ನಿವೃತ್ತರಾದರು. ಜೂನ್ ೨ರ ಶುಕ್ರವಾರ ಮಂಗಳೂರಿಗೆ ಹೊರಟರು. ವರದಿಯ ಪ್ರತಿ ಅವರ ಕೈಚೀಲದಲ್ಲಿತ್ತು. ಗೋದಾಮಿನ ಹಾನಿ ಪುಸ್ತಕದಲ್ಲಿ ಅವರ ಹೆಸರು ಇಲ್ಲ.